ಬಾಣಂತಿಯ ತಿಂಗಳು ಯಾರದು?

೨೦೧೫ನೆಯ ಇಸವಿ ಮೇ ೨ರಂದು ಇಂಗ್ಲೆಂಡಿನ ರಾಜಮನೆತನದ ಸೊಸೆ ಕ್ಯಾಥರೀನರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಬೆಳಗ್ಗೆ ಹೆಣ್ಣುಮಗುವನ್ನು ಹೆತ್ತು, ಅದೇ ದಿನ ಸಂಜೆ ಆ ಕೂಸನ್ನು ಎತ್ತಿಕೊಂಡು, ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ಮೆಟ್ಟಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಜನಸ್ತೋಮಕ್ಕೆ ಕೈಬೀಸಿದರು. ಆ ಚಿತ್ರವನ್ನು ಕಂಡು ಇಂಗ್ಲೆಂಡಿನವರು ಹಿಗ್ಗಿದರು; ಚೀನೀಯರು ಬೆರಗಾದರು. ಹೆತ್ತು ಹತ್ತು ಗಂಟೆ ಕಳೆಯುವಷ್ಟರಲ್ಲಿ ಗಾಳಿಗೆ ಮೈಯೊಡ್ಡಿ ನಿಂತ ಈಕೆಯ ಗತಿಯೇನು, ಈಕೆಗೆ ಹಿರಿಯರು ಯಾರೂ ಇಲ್ಲವೆ ಎಂದು ಆ ದೇಶದ ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡರು. ನಮ್ಮ ನಾಡಿನ ಅಜ್ಜಿಯರು ಅಲ್ಲಿದ್ದಿದ್ದರೆ ಅವರೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆ ಬೆರಗನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ನಗುವ ಮೊದಲು ಒಂದು ಮಾತನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದವರೆಗೆ ಇಂಗ್ಲೆಂಡಿನ ಅನುಕೂಲಸ್ಥ ಮನೆಗಳಲ್ಲಿಯೂ ಹೆತ್ತ ಹೆಂಗಸು ತಿಂಗಳ ಕಾಲ ಕೋಣೆಯಲ್ಲಿಯೇ ಇರುತ್ತಿದ್ದಳು. ಅವಳ ಆರೈಕೆಗೆಂದು 'ತಿಂಗಳ ದಾದಿ' ಎಂಬವಳನ್ನು ಗೊತ್ತುಮಾಡುತ್ತಿದ್ದರು. ಪಶ್ಚಿಮದವರು ಆ ಪದ್ಧತಿಯನ್ನು ಬಿಟ್ಟರು, ಚೀನೀಯರು ಉಳಿಸಿಕೊಂಡರು. ಬಿಟ್ಟವರು ಏನನ್ನು ಕಳೆದುಕೊಂಡರು, ಉಳಿಸಿಕೊಂಡವರು ಯಾವ ಬೆಲೆಯನ್ನು ತೆರುತ್ತಿದ್ದಾರೆ ಎಂಬುದೇ ಇಂದು ನಾವು ವಿಚಾರಿಸಬೇಕೆಂದಿರುವ ವಿಷಯ.

ಚೀನದ ಮನೆಯೊಳಗಿನ ಸಂಗತಿ ನಮಗೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆ ದೇಶದ ಸುಖದುಃಖಗಳು ನಮಗೆ ಎಂದೂ ಹೊರಗಿನವಾಗಿರಲಿಲ್ಲ. ೧೯೩೮ರಲ್ಲಿ ಜಪಾನಿನ ದಾಳಿಗೆ ಸಿಕ್ಕಿ ಚೀನವು ನರಳುತ್ತಿದ್ದಾಗ ನಮ್ಮ ರಾಷ್ಟ್ರೀಯ ಮಹಾಸಭೆಯು ಐವರು ವೈದ್ಯರನ್ನು ಅಲ್ಲಿಗೆ ಕಳುಹಿಸಿತು. ಅವರಲ್ಲೊಬ್ಬರಾದ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೊಟ್ನೀಸರು ೧೯೪೨ರ ಡಿಸೆಂಬರಿನಲ್ಲಿ ಕೆಲವೇ ತಿಂಗಳ ಹಸುಗೂಸನ್ನೂ ಅದರ ಚೀನೀ ತಾಯಿಯನ್ನೂ ಬಿಟ್ಟು ಆ ಮಣ್ಣಿನಲ್ಲಿಯೇ ಮಣ್ಣಾದರು. ಇದಲ್ಲದೆ, ಬಾಣಂತನವೆಂಬ ಮಾತನ್ನು ವಿವರಿಸದೆಯೇ ತಿಳಿಯಬಲ್ಲ ಜನರು ಲೋಕದಲ್ಲಿ ಯಾರಾದರೂ ಇದ್ದರೆ ಅವರು ಚೀನೀಯರು ಮತ್ತು ನಾವು.

ಚೀನದಲ್ಲಿ ಈ ಪದ್ಧತಿಗೆ 'ಜುವೊ ಯುವೆಜಿ' ಎಂದು ಹೆಸರು. 'ತಿಂಗಳು ಕೂರುವುದು' ಎಂದು ಅರ್ಥ. ಹೆರಿಗೆಯಾದಂದಿನಿಂದ ಮೂವತ್ತು ದಿನ, ಕೆಲವು ಮನೆಗಳಲ್ಲಿ ನಾಲ್ವತ್ತು ದಿನ, ಬಾಣಂತಿಯು ಹೊಸ್ತಿಲು ದಾಟುವಂತಿಲ್ಲ. ಕಿಟಕಿ ತೆರೆಯುವಂತಿಲ್ಲ, ಗಾಳಿ ಸೋಕಬಾರದು. ತಣ್ಣೀರನ್ನು ಮುಟ್ಟುವಂತಿಲ್ಲ, ಕಟ್ಟುನಿಟ್ಟಿನ ಮನೆಗಳಲ್ಲಿ ಸ್ನಾನವಿಲ್ಲ, ತಲೆಗೆ ನೀರಿಲ್ಲ. ಹಸಿಯ ಹಣ್ಣು, ತಣ್ಣನೆಯ ಪದಾರ್ಥ ವರ್ಜ್ಯ. ಓದಿದರೆ ಕಣ್ಣು ಕೆಡುವುದು, ಅತ್ತರೂ ಕಣ್ಣು ಕೆಡುವುದು ಎನ್ನುತ್ತಾರೆ. ಉಣಿಸಿನಲ್ಲಿ ಪ್ರಾಂತದಿಂದ ಪ್ರಾಂತಕ್ಕೆ ಭೇದವುಂಟು. ಉತ್ತರದಲ್ಲಿ ನವಣೆಯ ಗಂಜಿ, ಕೆಂಪು ಸಕ್ಕರೆ, ಮೊಟ್ಟೆ. ಕ್ಯಾಂಟನ್ ಕಡೆಯಲ್ಲಿ ಶುಂಠಿ ಮತ್ತು ಸಿಹಿ ಹುಳಿರಸದಲ್ಲಿ ಬೇಯಿಸಿದ ಹಂದಿಯ ಕಾಲು. ತೈವಾನಿನಲ್ಲಿ ಎಳ್ಳೆಣ್ಣೆ ಹಾಗೂ ಅಕ್ಕಿಯ ಮದ್ಯದಲ್ಲಿ ಬೇಯಿಸಿದ ಕೋಳಿ. ಹಾಲು ಹೆಚ್ಚಲೆಂದು ಹಲವೆಡೆ ಮೀನಿನ ಸಾರು. ತಿಂಗಳು ತುಂಬಿದ ದಿನ ಕೂಸಿನ ಹೆಸರಿನಲ್ಲಿ ಬಂಧುಗಳಿಗೆ ಕೆಂಪು ಬಣ್ಣದ ಮೊಟ್ಟೆಗಳನ್ನು ಹಂಚುವರು.

ಇದು ನಿನ್ನೆ ಮೊನ್ನೆಯ ವಾಡಿಕೆಯಲ್ಲ. ಹೆರುವ ಹೆಂಗಸು ಬೇರೆ ಕೋಣೆಯಲ್ಲಿ ಇರಬೇಕೆಂಬ ವಿಧಿಯು ಚೀನೀಯರ ಪ್ರಾಚೀನ ಆಚಾರಗ್ರಂಥವಾದ 'ಲೀಜಿ'ಯಲ್ಲಿಯೇ ಕಾಣುತ್ತದೆ. ಸೋಂಗ್ ವಂಶದ ಕಾಲದಲ್ಲಿ, ಕ್ರಿಸ್ತಶಕ ೧೨೩೭ರಲ್ಲಿ, ಚೆನ್ ಜಿಮಿಂಗ್ ಎಂಬ ವೈದ್ಯನು ಸ್ತ್ರೀಯರ ರೋಗಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ರಚಿಸಿ, ಬಾಣಂತಿಯ ಆರೈಕೆಗೆ ಅದರಲ್ಲಿ ಸ್ಥಾನವನ್ನು ಕೊಟ್ಟನು. ಹೆರಿಗೆಯಲ್ಲಿ ನೆತ್ತರು ಹೋಗುವುದರಿಂದ ದೇಹದ ಉಷ್ಣವು ಕುಂದಿ ಶೀತವು ಏರುವುದು, ಸಂದುಗಳು ಸಡಿಲವಾಗಿ ಗಾಳಿಯು ಒಳಹೊಗುವುದು, ಹಾಗೆ ಹೊಕ್ಕ ಗಾಳಿಯು ಮುಪ್ಪಿನಲ್ಲಿ ಕೀಲುನೋವಾಗಿ ತಲೆನೋವಾಗಿ ಕಾಡುವುದು ಎಂಬುದು ಅವರ ಶಾಸ್ತ್ರ. ಇಂದಿನ ವೈದ್ಯವಿಜ್ಞಾನವು ಈ ಮಾತನ್ನು ಒಪ್ಪುವುದಿಲ್ಲ. ಆದರೆ ಕಾರಣ ತಪ್ಪಾಗಿದ್ದರೂ ಕಾರ್ಯದಲ್ಲಿ ಹಿತವಿರಬಹುದು. ಈ ವಿಧಿಗಳನ್ನು ಕೇವಲ ವೈದ್ಯದ ದೃಷ್ಟಿಯಿಂದ ನೋಡದೆ ಸಂಸಾರದ ದೃಷ್ಟಿಯಿಂದ ನೋಡಿದರೆ ಅವುಗಳ ಮರ್ಮವು ತಿಳಿಯುತ್ತದೆ.

ಹಿಂದಿನ ಚೀನದ ಒಕ್ಕಲುಮನೆಯಲ್ಲಿ ಸೊಸೆಯ ಸ್ಥಾನವೇನಾಗಿತ್ತು? ಎಲ್ಲರಿಗಿಂತ ಮೊದಲು ಏಳುವವಳು ಅವಳು, ಎಲ್ಲರಿಗಿಂತ ಕಡೆಗೆ ಉಣ್ಣುವವಳು ಅವಳು. ತನಗೆ ಆಯಾಸವಾಗಿದೆ, ಇಂದು ಬಟ್ಟೆ ಒಗೆಯಲಾರೆ ಎಂದು ಹೇಳುವ ಅಧಿಕಾರವು ಅವಳಿಗಿರಲಿಲ್ಲ. ಅಂಥವಳ ಪರವಾಗಿ ಶಾಸ್ತ್ರವೇ ಬಾಯಿ ತೆರೆಯಿತು. ತಣ್ಣೀರನ್ನು ಮುಟ್ಟಬಾರದೆಂದರೆ ಹೊಳೆಯಲ್ಲಿ ಬಟ್ಟೆ ಒಗೆಯಬಾರದೆಂದು ಅರ್ಥ. ಗಾಳಿಗೆ ಹೋಗಬಾರದೆಂದರೆ ಗದ್ದೆಗೆ ಇಳಿಯಬಾರದೆಂದು ಅರ್ಥ. ಕೋಳಿಯನ್ನು ತಿನ್ನಲೇಬೇಕೆಂದರೆ, ವರ್ಷದಲ್ಲಿ ಹನ್ನೊಂದು ತಿಂಗಳು ಗಂಡಸರ ತಟ್ಟೆಗೆ ಬೀಳುತ್ತಿದ್ದುದು ಒಂದು ತಿಂಗಳಾದರೂ ಅವಳ ತಟ್ಟೆಗೆ ಬೀಳಬೇಕೆಂದು ಅರ್ಥ. ಬೇಡಿ ಪಡೆಯಲಾರದ ವಿಶ್ರಾಂತಿಯು ನಿಷೇಧದ ವೇಷದಲ್ಲಿ ಅವಳಿಗೆ ದೊರಕಿತು. ಈ ಜಾಣತನಕ್ಕಾಗಿ ಹಿಂದಿನವರನ್ನು ನಾವು ಗೌರವಿಸಬೇಕು.

ಇಲ್ಲಿ ನಮ್ಮ ಮನೆಯ ಕಡೆಗೊಮ್ಮೆ ತಿರುಗಿ ನೋಡೋಣ. ಕನ್ನಡನಾಡಿನ ಬಾಣಂತಿಗೂ ನಾಲ್ವತ್ತು ದಿನದ ಕೋಣೆಯುಂಟು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಬೆಳ್ಳುಳ್ಳಿ, ಶುಂಠಿ, ತುಪ್ಪ. ಶೀತಭಯ, ವಾಯುಭಯಗಳು ಅಲ್ಲಿರುವಂತೆ ಇಲ್ಲಿಯೂ ಇವೆ. ಆದರೆ ನೀರಿನ ವಿಷಯದಲ್ಲಿ ಎರಡು ದೇಶಗಳೂ ಪರಸ್ಪರ ವಿರುದ್ಧವಾಗಿ ನಿಲ್ಲುತ್ತವೆ. ಅಲ್ಲಿ ಬಾಣಂತಿಗೆ ಸ್ನಾನವೇ ವರ್ಜ್ಯ; ಇಲ್ಲಿ ಎಣ್ಣೆ ನೀವಿ ಹಂಡೆ ಹಂಡೆ ಬಿಸಿನೀರನ್ನು ಎರೆಯದಿದ್ದರೆ ಅದು ಬಾಣಂತನವೇ ಅಲ್ಲ. ನೀರು ಸೋಕಿದ್ದರಿಂದ ಕೆಡುವುದಾಗಿದ್ದರೆ ನಮ್ಮ ತಾಯಂದಿರು ಉಳಿಯಬಾರದಾಗಿತ್ತು. ಸೋಕದಿದ್ದರೆ ಕೆಡುವುದಾಗಿದ್ದರೆ ಅವರ ತಾಯಂದಿರು ಉಳಿಯಬಾರದಾಗಿತ್ತು. ಎರಡು ಕಡೆಯೂ ಕೋಟಿ ಕೋಟಿ ತಾಯಂದಿರು ಚೇತರಿಸಿಕೊಂಡರು. ಆದುದರಿಂದ ಕಾಪಾಡಿದುದು ನೀರೂ ಅಲ್ಲ, ನೀರಿಲ್ಲದಿರುವುದೂ ಅಲ್ಲ. ಎರಡು ಪದ್ಧತಿಗಳಿಗೂ ಸಮಾನವಾಗಿರುವುದು ಯಾವುದೋ ಅದೇ ಕಾಪಾಡಿತು: ವಿಶ್ರಾಂತಿ, ಹೊಟ್ಟೆತುಂಬ ಊಟ, ಮತ್ತು ಕೂಸನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ.

ಈ ತಿರುಳನ್ನು ಮರೆತು ಸಿಪ್ಪೆಯನ್ನು ಹಿಡಿದುಕೊಂಡರೆ ಅನಾಹುತವಾಗುತ್ತದೆ. ಕಳೆದ ದಶಕದ ಬೇಸಗೆಗಳಲ್ಲಿ ಚೀನದ ನಗರಗಳಿಂದ ಕರುಣಾಜನಕವಾದ ಸುದ್ದಿಗಳು ಬಂದವು. ಸುಡುಬಿಸಿಲಿನ ದಿನಗಳಲ್ಲಿ ಕಿಟಕಿಗಳನ್ನು ಮುಚ್ಚಿ, ಬೀಸಣಿಗೆಯನ್ನೂ ತಂಪುಯಂತ್ರವನ್ನೂ ನಿಲ್ಲಿಸಿ, ಬಾಣಂತಿಗೆ ದಪ್ಪ ಹೊದಿಕೆಯನ್ನು ಹೊದಿಸಿ ಕೂರಿಸಿದ್ದರಿಂದ ಉಷ್ಣಾಘಾತವಾಗಿ ಆಸ್ಪತ್ರೆಗೆ ಸೇರಿದವರಿದ್ದಾರೆ. ಪ್ರಾಣ ಬಿಟ್ಟವರೂ ಇದ್ದಾರೆ. ಹೆತ್ತ ಮೇಲೆ ಆರು ವಾರಗಳವರೆಗೆ ಕಾಲಿನ ರಕ್ತನಾಳಗಳಲ್ಲಿ ನೆತ್ತರು ಹೆಪ್ಪುಗಟ್ಟುವ ಭಯ ಹೆಚ್ಚಾಗಿರುತ್ತದೆಂದೂ, ಅಲುಗಾಡದೆ ಮಲಗಿದರೆ ಆ ಭಯ ಮತ್ತೂ ಹೆಚ್ಚುವುದೆಂದೂ ವೈದ್ಯರು ಹೇಳುತ್ತಾರೆ. ಸೊಪ್ಪು ಹಣ್ಣುಗಳಿಲ್ಲದ ಊಟದಿಂದ ಮಲಬದ್ಧತೆ ಉಂಟಾಗುತ್ತದೆ. ಅಡಿಗೆಯಲ್ಲಿ ಉಳಿದ ಮದ್ಯದ ಅಂಶವು ಎದೆಹಾಲಿನ ಮೂಲಕ ಕೂಸಿಗೆ ಸೇರುತ್ತದೆ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬಾರದೆಂಬ ಗಾದೆಯು ಚೀನಕ್ಕೂ ಸಲ್ಲುತ್ತದೆ.

ಹಾಗೆಂದು ಪದ್ಧತಿಯನ್ನೇ ಕಿತ್ತೊಗೆಯಬೇಕೆನ್ನುವವರು ನೆಗಡಿಯೆಂದು ಮೂಗು ಕೊಯ್ದುಕೊಳ್ಳುವವರೇ ಸರಿ. ತಿದ್ದುವ ದಾರಿಯನ್ನು ಚೀನೀಯರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಅವರಲ್ಲಿಯೇ ಹುಟ್ಟಿದ ಯಾಂಗ್ ಚೊಂಗ್‌ರೂಯಿ ಎಂಬ ವೈದ್ಯೆ ಅದನ್ನು ತೋರಿಸಿಕೊಟ್ಟಿದ್ದಾರೆ. ತೊಳೆಯದ ಕತ್ತರಿಯಿಂದ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ್ದರಿಂದ ಧನುರ್ವಾಯು ತಗಲಿ ಹಸುಗೂಸುಗಳು ಸಾಯುತ್ತಿದ್ದ ಕಾಲವದು. ೧೯೨೯ರಲ್ಲಿ ಈಕೆ ಪೀಕಿಂಗಿನಲ್ಲಿ ಮೊದಲನೆಯ ರಾಷ್ಟ್ರೀಯ ಸೂಲಗಿತ್ತಿ ಶಾಲೆಯನ್ನು ತೆರೆದು ಹೊಸಬರನ್ನು ತರಬೇತುಗೊಳಿಸಿದರು. ಹಳೆಯ ಸೂಲಗಿತ್ತಿಯರನ್ನು ಹಳಿದು ಓಡಿಸದೆ, ಅವರಿಗೂ ಕೈ ತೊಳೆಯುವುದನ್ನು, ಉಗುರು ಕತ್ತರಿಸುವುದನ್ನು, ಕತ್ತರಿಯನ್ನು ಕುದಿಸುವುದನ್ನು ಕಲಿಸುವ ಏರ್ಪಾಡನ್ನು ಮಾಡಿದರು. ಹೆರಿಗೆಯ ಕೋಣೆಗೆ ಶುಚಿತ್ವವನ್ನು ತಂದ ಜನರು ಬಾಣಂತಿಯ ಕೋಣೆಗೆ ಬೆಳಕನ್ನು ತರಲಾರರೆ?

ಇಷ್ಟು ದೇಹದ ಮಾತಾಯಿತು. ಮನಸ್ಸಿನ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಲೋಕದಲ್ಲಿ ಆಗತಾನೆ ಹೆತ್ತ ಸ್ತ್ರೀಯರಲ್ಲಿ ನೂರಕ್ಕೆ ೧೩ ಮಂದಿ ಮನೋವ್ಯಾಧಿಗೆ, ಮುಖ್ಯವಾಗಿ ಖಿನ್ನತೆಗೆ, ಗುರಿಯಾಗುವರೆಂದೂ, ಮುಂದುವರಿಯುತ್ತಿರುವ ದೇಶಗಳಲ್ಲಿ ಈ ಸಂಖ್ಯೆ ನೂರಕ್ಕೆ ಸುಮಾರು ೨೦ ಎಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ತಿಂಗಳು ಕೂರುವುದರಿಂದ ಚೀನದ ತಾಯಂದಿರು ಇದರಿಂದ ಪಾರಾಗಿದ್ದಾರೆಂದು ಒಂದು ಕಾಲದಲ್ಲಿ ವಿದ್ವಾಂಸರು ನಂಬಿದ್ದರು. ಆ ನಂಬಿಕೆ ಪೂರ್ಣವಾಗಿ ನಿಲ್ಲಲಿಲ್ಲ. ಅದುವರೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ೨೦೦೯ರಲ್ಲಿ ಪರಾಮರ್ಶಿಸಿದವರು, ಈ ಪದ್ಧತಿಯು ಖಿನ್ನತೆಯನ್ನು ತಡೆಯುವುದೆಂದು ನಿಶ್ಚಯವಾಗಿ ಹೇಳುವಂತಿಲ್ಲವೆಂಬ ನಿರ್ಣಯಕ್ಕೆ ಬಂದರು. ಕೆಲವರಿಗೆ ಹಿತ, ಕೆಲವರಿಗೆ ಅಹಿತ. ಈ ವ್ಯತ್ಯಾಸವು ಎಲ್ಲಿಂದ ಬರುತ್ತದೆ?

ಇದಕ್ಕೆ ಉತ್ತರದ ಸುಳಿವು ೨೦೦೪ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳಲ್ಲಿದೆ. ಹಾಂಗ್‌ಕಾಂಗಿನಲ್ಲಿ ನಡೆದುದರಲ್ಲಿ, ಬಂಧುಗಳು ಜೊತೆಗಿದ್ದು ತಿಂಗಳ ಕಾಲ ನೋಡಿಕೊಂಡ ಬಾಣಂತಿಯರಿಗೆ ಖಿನ್ನತೆಯ ಭಯವು ಸ್ವಲ್ಪ ಕಡಿಮೆಯೆಂದೂ, ಅತ್ತೆಯೊಡನೆ ವಿರಸವಿದ್ದವರಿಗೆ ಹೆಚ್ಚೆಂದೂ ಕಂಡುಬಂದಿತು. ತೈವಾನಿನಲ್ಲಿ ನಡೆದುದರಲ್ಲಿ, ತವರಿನಲ್ಲಿದ್ದು ಹೆತ್ತ ತಾಯಿಯಿಂದ ಆರೈಕೆ ಪಡೆದವರ ಮನಸ್ಸು ಹೆಚ್ಚು ನೆಮ್ಮದಿಯಾಗಿದ್ದುದು ಕಂಡುಬಂದಿತು. ನಮ್ಮ ಹೆಂಗಸರಿಗೆ ಇದು ಹೊಸ ಸಂಗತಿಯೆನಿಸದು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಸಂಪ್ರದಾಯವನ್ನು ಕಟ್ಟಿದವರು ಯಾವ ಅಂಕಿಅಂಶವನ್ನೂ ನೋಡಿರಲಿಲ್ಲ. ಚೀನದಲ್ಲಿ ಆದುದು ಬೇರೆ. ಮದುವೆಯಾದ ಮಗಳು ತವರಿನಲ್ಲಿ ಹೆರುವುದು, ತವರಿನಲ್ಲಿ ತಿಂಗಳು ಕೂರುವುದು ಆ ಮನೆಗೆ ಅಶುಭವೆಂದು ಅನೇಕ ಪ್ರಾಂತಗಳಲ್ಲಿ ಭಾವಿಸಿದ್ದರು. ಹೀಗಾಗಿ ಹೆಂಗಸು ಅತ್ಯಂತ ದುರ್ಬಲಳಾಗಿದ್ದ ತಿಂಗಳಿನಲ್ಲಿಯೇ ಅವಳು ಅತ್ತೆಯ ಕೈಗೆ, ಹೊರಗೆ ಹೋಗಲಾಗದ ಕೋಣೆಯಲ್ಲಿ, ಒಪ್ಪಿಸಲ್ಪಟ್ಟಳು. ಅತ್ತೆಯು ಒಳ್ಳೆಯವಳಾದರೆ ಆ ಕೋಣೆ ಗುಡಿಯಾಯಿತು, ಇಲ್ಲವಾದರೆ ಸೆರೆಮನೆಯಾಯಿತು.

ಇದರಿಂದ ಅತ್ತೆಯರನ್ನೆಲ್ಲ ದೂಷಿಸುವುದು ನಮ್ಮ ಉದ್ದೇಶವಲ್ಲ. ಐವತ್ತು ಅರವತ್ತು ವಯಸ್ಸಿನ ಆ ಹೆಂಗಸೂ ರಾತ್ರಿ ನಿದ್ರೆಗೆಟ್ಟು ಸಾರು ಕುದಿಸುವವಳೇ, ತನ್ನ ಕಾಲದಲ್ಲಿ ತನಗಾದುದನ್ನೇ ಹಿತವೆಂದು ನಂಬಿದವಳೇ. ಈ ಇಬ್ಬರು ಹೆಂಗಸರ ಜಗಳದ ಕಥೆಯಲ್ಲಿ ಎಲ್ಲಿಯೂ ಹೆಸರು ಕೇಳಿಬಾರದವನು ಒಬ್ಬನಿದ್ದಾನೆ. ಅವನು ಮಗುವಿನ ತಂದೆ. ನೂರಾರು ವರ್ಷ ಬಾಣಂತಿಯ ಕೋಣೆಯು ಅವನಿಗೆ ಮೈಲಿಗೆಯೆನಿಸಿತ್ತು. ಈಗ ಚೀನದ ಪ್ರಾಂತಗಳು ತಂದೆಗೂ ಕೆಲವು ದಿನಗಳ ರಜೆಯನ್ನು ಕೊಡುತ್ತಿವೆ. ಆ ದಿನಗಳಲ್ಲಿ ಅವನು ಕೂಸಿನ ಬಟ್ಟೆಯನ್ನು ಒಗೆದರೆ ಅತ್ತೆ ಸೊಸೆಯರ ಅರ್ಧ ಜಗಳವು ತಾನಾಗಿಯೇ ಅಡಗುವುದೆಂದು ನಾವು ನಂಬುತ್ತೇವೆ.

ಮನೆಯು ಮಾಡಲಾರದುದನ್ನು ಈಗ ವ್ಯಾಪಾರವು ಮಾಡಲು ಮುಂದೆ ಬಂದಿದೆ. ತೈವಾನಿನಲ್ಲಿಯೂ ಚೀನದ ದೊಡ್ಡ ನಗರಗಳಲ್ಲಿಯೂ 'ತಿಂಗಳ ಕೇಂದ್ರ'ಗಳು ಎದ್ದಿವೆ. ದಾದಿಯರು, ಹೊತ್ತುಹೊತ್ತಿಗೆ ಉಣಿಸು, ಕೂಸಿಗೆ ಬೇರೆ ಕೋಣೆ. ಶಾಂಘೈ, ಬೀಜಿಂಗ್ ನಗರಗಳಲ್ಲಿ ಇದಕ್ಕೆ ಒಂದು ತಿಂಗಳಿಗೆ ಹತ್ತಾರು ಸಾವಿರ ಯುವಾನುಗಳನ್ನು ತೆರಬೇಕು. ಮನೆಗೇ ಬಂದು ನೋಡಿಕೊಳ್ಳುವವಳಿಗೆ 'ಯುವೆಸಾವೊ', ಎಂದರೆ 'ತಿಂಗಳ ಅತ್ತಿಗೆ', ಎಂದು ಹೆಸರು. ಹಣವುಳ್ಳವರು ಹಣದಿಂದ ನೆಮ್ಮದಿಯನ್ನು ಪಡೆಯುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಈ ತಿಂಗಳ ಅತ್ತಿಗೆಯರಲ್ಲಿ ಬಹುಮಂದಿ ಹಳ್ಳಿಯಲ್ಲಿ ತಮ್ಮ ಸಂಸಾರವನ್ನು ಬಿಟ್ಟು ಬಂದವರು. ಪರರ ಬಾಣಂತನಕ್ಕೆಂದು ನಗರಕ್ಕೆ ಬಂದ ಈಕೆಯ ಸ್ವಂತ ಸೊಸೆಯ ಬಾಣಂತನವನ್ನು ಯಾರು ಮಾಡುವರು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಮಾರುಕಟ್ಟೆಯಲ್ಲ, ಸರಕಾರ.

ಚೀನದ ಸರಕಾರವು ಏನನ್ನೂ ಮಾಡಿಲ್ಲವೆಂದು ಹೇಳುವುದು ನ್ಯಾಯವಲ್ಲ. ೧೯೫೧ರ ಕಾರ್ಮಿಕ ವಿಮೆಯ ನಿಬಂಧನೆಗಳಲ್ಲಿ ಹೆರಿಗೆಗೆ ೫೬ ದಿನಗಳ ಸಂಬಳ ಸಹಿತವಾದ ರಜೆಯಿತ್ತು. ೧೯೮೮ರಲ್ಲಿ ಅದು ೯೦ ದಿನಗಳಾಯಿತು. ೨೦೧೨ರಲ್ಲಿ ೯೮ ದಿನಗಳಾಯಿತು. ಬಹುತೇಕ ಪ್ರಾಂತಗಳು ಅದಕ್ಕೆ ಇನ್ನಷ್ಟು ದಿನಗಳನ್ನು ಕೂಡಿಸಿವೆ. ಆದರೆ ರಜೆಯೆಂಬುದು ನೌಕರಿಯಿದ್ದವಳಿಗೆ ಮಾತ್ರ. ಹೊಲದಲ್ಲಿ ದುಡಿಯುವವಳು, ಬೀದಿಯಲ್ಲಿ ಮಾರುವವಳು ಯಾರಿಗೆ ರಜೆಯ ಅರ್ಜಿಯನ್ನು ಕೊಡಬೇಕು? ಒಂದು ಮಗುವಿಗಿಂತ ಹೆಚ್ಚು ಹೆರಕೂಡದೆಂದು ಮೂವತ್ತೈದು ವರ್ಷ ಕಟ್ಟಳೆ ಮಾಡಿದ ಸರಕಾರವೇ ೨೦೨೧ರಿಂದ ಮೂರು ಮಕ್ಕಳನ್ನು ಹೆರಬಹುದೆನ್ನುತ್ತಿದೆ. ಆದರೂ ೨೦೧೬ರಲ್ಲಿ ಸುಮಾರು ೧ ಕೋಟಿ ೮೦ ಲಕ್ಷದಷ್ಟಿದ್ದ ಜನನಗಳು ೨೦೨೩ರಲ್ಲಿ ೯೦ ಲಕ್ಷಕ್ಕೆ ಇಳಿದವು. ಅಪ್ಪಣೆಯಿಂದ ಹೆರಿಗೆಯನ್ನು ನಿಲ್ಲಿಸಬಹುದು, ಅಪ್ಪಣೆಯಿಂದ ಹೆರಿಸಲಾಗದು. ಹೆತ್ತ ಮೇಲೆ ತನ್ನ ಕೈ ಹಿಡಿಯುವವರು ಯಾರೆಂದು ಕಾಣದ ಹೆಂಗಸು ಹೆರಲು ಹಿಂಜರಿದರೆ ಅದು ಅವಳ ತಪ್ಪಲ್ಲ.

ಹಾಗಾದರೆ ಮಾಡತಕ್ಕುದೇನು? ನಾವು ವೈದ್ಯರಲ್ಲ, ಆದರೂ ಮೇಲಿನ ಸಂಗತಿಗಳಿಂದ ಹೊರಡುವ ಅಭಿಪ್ರಾಯವು ಸ್ಪಷ್ಟವಾಗಿದೆ. ತಿಂಗಳು ಉಳಿಯಬೇಕು, ಅಗುಳಿ ಹೋಗಬೇಕು. ವಿಶ್ರಾಂತಿ, ಬಿಸಿಯೂಟ, ಹಿರಿಯರ ನೆರವು, ಇವು ಒಂದು ದಿನವೂ ಕಡಿಮೆಯಾಗಕೂಡದು. ಕಿಟಕಿಯು ತೆರೆಯಬೇಕು; ಬಾಣಂತಿಯು ಮೈ ತೊಳೆಯಬೇಕು, ಸೊಪ್ಪು ಹಣ್ಣು ತಿನ್ನಬೇಕು, ಬಾಯಾರಿದಾಗ ನೀರು ಕುಡಿಯಬೇಕು, ನಾಲ್ಕು ಹೆಜ್ಜೆ ನಡೆಯಬೇಕು. ಯಾರ ಮನೆಯಲ್ಲಿ, ಯಾರ ಕೈಯಲ್ಲಿ ಬಾಣಂತನವಾಗಬೇಕೆಂಬುದನ್ನು ಹೆತ್ತವಳೇ ನಿರ್ಣಯಿಸಬೇಕು. ಕೂಸಿನ ತೂಕವನ್ನು ನೋಡುವವರು ತಾಯಿಯ ಮನಸ್ಸನ್ನೂ ವಿಚಾರಿಸಬೇಕು. ಎಡಿನ್‌ಬರೋದ ವೈದ್ಯರು ೧೯೮೭ರಲ್ಲಿ ಇದಕ್ಕಾಗಿ ರಚಿಸಿದ ಪ್ರಶ್ನೆಗಳು ಹತ್ತೇ ಹತ್ತು. ಅವು ಚೀನೀ ಭಾಷೆಗೂ ಬಂದಿವೆ. ಹತ್ತು ಪ್ರಶ್ನೆಗಳನ್ನು ಕೇಳಲು ಬೇಕಾದುದು ಕೆಲವು ನಿಮಿಷ. ದುಡಿದು ತಿನ್ನುವ ತಾಯಿಗೆ ಈ ತಿಂಗಳ ಖರ್ಚನ್ನು ಸರಕಾರವೇ ಕೊಡಬೇಕು.

ಚೀನದವರಿಗೆ ಹೇಳಿದ ಈ ಮಾತು ನಮ್ಮ ಹೊಸ್ತಿಲಲ್ಲಿ ನಿಂತುಬಿಡಬಾರದು. ನಮ್ಮ ಮನೆಗಳಲ್ಲಿಯೂ ಬಾಣಂತಿಗೆ ನೀರನ್ನು ಅಳೆದು ಕೊಡುವವರಿದ್ದಾರೆ. ಹಸುಗೂಸಿನ ಮೂಗಿಗೆ ಹೊಗೆ ತುಂಬುವವರಿದ್ದಾರೆ. ಕಾರಣವಿಲ್ಲದೆ ಅಳುವ ಬಾಣಂತಿಯನ್ನು ಕಂಡು ಸನ್ನಿಯೆಂದು ಹೆಸರಿಟ್ಟು ಬಾಗಿಲು ಮುಚ್ಚುವವರೂ ಇದ್ದಾರೆ. ೨೦೧೭ರಲ್ಲಿ ನಮ್ಮ ಶಾಸನವು ಹೆರಿಗೆಯ ರಜೆಯನ್ನು ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಿತು. ಕಟ್ಟಡದ ಕಲ್ಲು ಹೊರುವವಳಿಗೆ ಅದರಲ್ಲಿ ೨೬ ದಿನವಾದರೂ ದಕ್ಕಿತೆ?

ಹೆಂಗಸಿಗೆ ಹೆರಿಗೆಯು ಎರಡನೆಯ ಜನ್ಮವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹುಟ್ಟಿದ ಕೂಸನ್ನು ನಾವು ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಬಿಟ್ಟು ಅಳು ಕೇಳಿದರೂ ಕೇಳದಂತಿರುವುದಿಲ್ಲ. ಆ ದಿನವೇ ಎದ್ದು ದುಡಿಯೆಂದು ಹೊರಗಟ್ಟುವುದೂ ಇಲ್ಲ. ಅದೇ ದಿನ ಅದೇ ಕೋಣೆಯಲ್ಲಿ ಮತ್ತೊಮ್ಮೆ ಹುಟ್ಟಿದ ತಾಯಿಗೂ ಆ ನ್ಯಾಯವೇ ಸಲ್ಲಬೇಕು. ಬಾಣಂತಿಯ ತಿಂಗಳು ಅತ್ತೆಯದಲ್ಲ, ಶಾಸ್ತ್ರದ್ದಲ್ಲ, ವ್ಯಾಪಾರದ್ದಲ್ಲ, ಅದು ಬಾಣಂತಿಯದು.